ಅಭಿವೃದ್ಧಿ ನೀತಿಗೆ ಸಂಶೋಧನೆಯ ಪುರಾವೆ: ಪದೇ ಪದೇ ಕೇಳುವ ಪ್ರಶ್ನೆಗಳು

ಬಡತನ ನಿವಾರಣೆ, ಶಿಕ್ಷಣ, ಆರೋಗ್ಯ, ಕುಡಿಯುವ ನೀರು ಮುಂತಾದ ಕ್ಷೇತ್ರಗಳಲ್ಲಿ ಹಲವು ದೇಶಗಳಲ್ಲಿ ದುಡಿಯುವ ಸಂಸ್ಥೆಗಳ ಸಿಬ್ಬಂದಿ, ಸರ್ಕಾರಿ ಅಧಿಕಾರಿಗಳು ಮತ್ತು ಈ ವಿಷಯವನ್ನು ಹೊಸದಾಗಿ ಓದುತ್ತಿರುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಕೆಲವು ಉತ್ತರಗಳು ದೀರ್ಘವಾಗಿವೆ. ಉದಾಹರಣೆಯ ವಿವರಗಳಿಗೆ ಇಳಿಯದೆ ಆ ವಿಷಯಗಳು ಅರ್ಥವಾಗುವುದಿಲ್ಲ.

‘ಪುರಾವೆ’ ಎಂದರೆ ಇಲ್ಲಿ ಏನು?

ಈ ಪದವನ್ನು ತೀರ ಸಡಿಲವಾಗಿ ಬಳಸುವ ರೂಢಿ ಬೆಳೆದಿದೆ. ಯೋಜನೆಯಿಂದ ಬದುಕು ಹಸನಾದ ಒಬ್ಬ ಮಹಿಳೆಯ ಕಥೆ, ಹಂಚಿದ ಪಠ್ಯಪುಸ್ತಕಗಳ ಲೆಕ್ಕ, ತಜ್ಞರೊಬ್ಬರ ಅಭಿಪ್ರಾಯ, ಇವೆಲ್ಲವೂ ವಾರ್ಷಿಕ ವರದಿಗಳಲ್ಲಿ ಪುರಾವೆಯ ಹೆಸರಿನಲ್ಲೇ ಬರುತ್ತವೆ. ಈ ಪುಟದಲ್ಲಿ ಆ ಪದಕ್ಕೆ ಇಟ್ಟುಕೊಂಡಿರುವ ಅರ್ಥ ಅದಕ್ಕಿಂತ ಬಿಗಿಯಾದದ್ದು: ಕೇಳಬೇಕಾದ ಪ್ರಶ್ನೆಯನ್ನು ಮೊದಲೇ ಸ್ಪಷ್ಟಪಡಿಸಿಕೊಂಡು, ಉತ್ತರವು ತಮ್ಮ ನಿರೀಕ್ಷೆಗೆ ವಿರುದ್ಧವಾಗಿ ಬರಲು ಜಾಗ ಬಿಟ್ಟು, ಬೇರೆಯವರೂ ಪರಿಶೀಲಿಸಬಹುದಾದ ವಿಧಾನದಿಂದ ಕಂಡುಕೊಂಡ ಸಂಗತಿಯೇ ಪುರಾವೆ. ಎಷ್ಟು ಮಕ್ಕಳು ಶಾಲೆಯಿಂದ ಹೊರಗಿದ್ದಾರೆ ಎಂಬುದಕ್ಕೆ ಸಮೀಕ್ಷೆ ಬೇಕು, ಏಕೆ ಹೊರಗಿದ್ದಾರೆ ಎಂಬುದಕ್ಕೆ ಮನೆಯವರೊಡನೆ ಕುಳಿತು ಮಾತನಾಡಬೇಕು, ಒಂದು ಕ್ರಮದಿಂದ ಅವರು ಮರಳಿ ಬಂದರೇ ಎಂಬುದಕ್ಕೆ ಹೋಲಿಕೆ ಬೇಕು. ಒಂದರ ಪುರಾವೆಯನ್ನು ಇನ್ನೊಂದರ ಉತ್ತರವಾಗಿ ಮುಂದಿಡುವುದು ಈ ಕ್ಷೇತ್ರದಲ್ಲಿ ಅತಿ ಹೆಚ್ಚಾಗಿ ನಡೆಯುವ ತಪ್ಪು.

ಸದುದ್ದೇಶ ಮತ್ತು ವರ್ಷಗಳ ಅನುಭವ ಸಾಲದೆ?

ಅವೆರಡೂ ಬೇಕು, ಆದರೆ ಅವಷ್ಟೇ ಸಾಲವು. ಭೇದಿಯಾಗುತ್ತಿರುವ ಮಗುವಿಗೆ ನೀರು, ಆಹಾರ ಕೊಡಬಾರದು, ಹೊಟ್ಟೆಗೆ ವಿಶ್ರಾಂತಿ ಬೇಕು ಎಂಬ ನಂಬಿಕೆ ಮನೆಗಳಲ್ಲಷ್ಟೇ ಅಲ್ಲ, ವೈದ್ಯರಲ್ಲೂ ಬಹುಕಾಲ ಇತ್ತು. ಹಾಗೆ ಸಲಹೆ ಕೊಟ್ಟವರೆಲ್ಲ ಮಗು ಬದುಕಲಿ ಎಂದೇ ಬಯಸಿದವರು. ಸಕ್ಕರೆಯ ಅಂಶ ಜೊತೆಗಿದ್ದರೆ, ಕಾಲರಾ ತಗುಲಿದ ಕರುಳು ಕೂಡ ಉಪ್ಪನ್ನೂ ನೀರನ್ನೂ ಹೀರಿಕೊಳ್ಳುತ್ತದೆ ಎಂಬುದನ್ನು 1960ರ ದಶಕದಲ್ಲಿ ಢಾಕಾ ಮತ್ತು ಕಲ್ಕತ್ತಾದ ಸಂಶೋಧಕರು ಅಳೆದು ತೋರಿಸಿದರು. ಢಾಕಾದ ಫಲಿತಾಂಶ 1968ರಲ್ಲಿ ಪ್ರಕಟವಾಯಿತು. 1971ರ ಬಾಂಗ್ಲಾದೇಶ ವಿಮೋಚನಾ ಯುದ್ಧದ ಸಮಯದಲ್ಲಿ ಭಾರತದ ಗಡಿಯ ಬನಗಾಂವ್‌ನಲ್ಲಿ ನಿರಾಶ್ರಿತರ ನಡುವೆ ಕಾಲರಾ ಹಬ್ಬಿ, ರಕ್ತನಾಳಕ್ಕೆ ಕೊಡುವ ಸಲೈನ್ ಸಾಲದೆ ಹೋದಾಗ, ಡಾ. ದಿಲೀಪ್ ಮಹಾಲನಬಿಸ್ ಅವರ ತಂಡ ಗ್ಲೂಕೋಸ್, ಉಪ್ಪು ಮತ್ತು ಅಡುಗೆ ಸೋಡಾ ಬೆರೆಸಿದ ಪುಡಿಯನ್ನು ನೀರಿನಲ್ಲಿ ಕರಗಿಸಿ, ರೋಗಿಗಳ ಕಡೆಯವರ ಕೈಯಿಂದಲೇ ಕುಡಿಸಿತು. ನೂರಕ್ಕೆ ಸುಮಾರು 30ರಷ್ಟಿದ್ದ ಸಾವಿನ ಪ್ರಮಾಣ ನೂರಕ್ಕೆ 4ಕ್ಕಿಂತ ಕೆಳಗಿಳಿಯಿತು. ಅನುಭವಿ ವೈದ್ಯರು ತಲೆಮಾರುಗಳ ಕಾಲ ನಂಬಿದ್ದನ್ನು ತಿರುವಿ ಹಾಕಿದ್ದು ಅಳತೆ.

ಸರಿಯಾದ ಪುರಾವೆ ಸಿಕ್ಕ ಮೇಲೆ ಬಳಕೆ ತಾನಾಗಿ ಬರುವುದಿಲ್ಲವೇ?

ಬರುವುದಿಲ್ಲ. ಅದೇ ಉಪ್ಪು-ಸಕ್ಕರೆ ನೀರಿನ ಮುಂದಿನ ಕಥೆಯನ್ನೇ ನೋಡಬಹುದು. ಚಿಕಿತ್ಸೆ ಗೊತ್ತಾಗಿ ಹತ್ತು ವರ್ಷ ಕಳೆದರೂ ಬಾಂಗ್ಲಾದೇಶದ ಹಳ್ಳಿಗಳಲ್ಲಿ ಮಕ್ಕಳು ಭೇದಿಯಿಂದ ಸಾಯುತ್ತಲೇ ಇದ್ದರು. 1980ರಲ್ಲಿ ಬ್ರಾಕ್ ಎಂಬ ಸಂಸ್ಥೆ ಮನೆಮನೆಗೆ ಹೋಗಿ ತಾಯಂದಿರಿಗೆ ಈ ದ್ರಾವಣ ಮಾಡುವುದನ್ನು ಕಲಿಸಲು ಹೊರಟಿತು. ಹಳ್ಳಿಯಲ್ಲಿ ತೂಕದ ತಕ್ಕಡಿ ಇರಲಿಲ್ಲ. ಹಾಗಾಗಿ ಅಳತೆ ಕೈಯಲ್ಲೇ ಇರುವಂತೆ ಮಾಡಲಾಯಿತು: ಮೂರು ಬೆರಳಿನ ಒಂದು ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು. ತಾಯಿ ತಾನೇ ಕಲಸಿ ತೋರಿಸಬೇಕಿತ್ತು. ಕಾರ್ಯಕರ್ತೆಗೆ ಸಂಭಾವನೆ ಸಿಗುತ್ತಿದ್ದುದು ಎಷ್ಟು ಮನೆಗೆ ಹೋದಳು ಎಂಬ ಲೆಕ್ಕದ ಮೇಲಲ್ಲ. ಕೆಲವು ವಾರಗಳ ನಂತರ ಬೇರೊಬ್ಬರು ಆ ಮನೆಗಳಲ್ಲಿ ಕೆಲವಕ್ಕೆ ಹೋಗಿ ಕೇಳಿದಾಗ ತಾಯಂದಿರಿಗೆ ಎಷ್ಟು ನೆನಪಿತ್ತು, ಕಲಸಿದ ದ್ರಾವಣ ಎಷ್ಟು ಸರಿಯಿತ್ತು ಎಂಬುದರ ಮೇಲೆ.

ಇಷ್ಟಾದರೂ ಮೊದಲ ಹಂತದಲ್ಲಿ ಬಳಕೆ ಕಡಿಮೆಯೇ ಇತ್ತು. ಏಕೆಂದು ಹುಡುಕಿದಾಗ, ಕಲಿಸುವ ಕಾರ್ಯಕರ್ತರಿಗೇ ಇದರಲ್ಲಿ ಪೂರ್ಣ ನಂಬಿಕೆಯಿಲ್ಲದಿರುವುದು ಮತ್ತು ಮನೆಯ ಗಂಡಸರಿಗೆ ಯಾರೂ ವಿಷಯ ತಿಳಿಸದಿರುವುದು ಕಂಡುಬಂತು. ಎರಡನ್ನೂ ತಿದ್ದಲಾಯಿತು. 1990ರ ಹೊತ್ತಿಗೆ ಈ ಕೆಲಸ ಸುಮಾರು 1 ಕೋಟಿ 20 ಲಕ್ಷ ಮನೆಗಳನ್ನು ತಲುಪಿತ್ತು. ಪ್ರಯೋಗಾಲಯದಲ್ಲಿ ಕಂಡುಕೊಳ್ಳುವುದು ಒಂದು ಸಂಶೋಧನೆಯಾದರೆ, ಅದನ್ನು ಅಡುಗೆಮನೆಗೆ ಮುಟ್ಟಿಸುವುದು ಅಷ್ಟೇ ಕಷ್ಟದ ಇನ್ನೊಂದು ಸಂಶೋಧನೆ. ಈ ಪುಟದ ಉಳಿದ ಉತ್ತರಗಳಲ್ಲಿ ಹೆಚ್ಚಿನವು ಈ ಎರಡನೆಯದರ ಬಗ್ಗೆಯೇ ಇವೆ.

ಯೋಜನೆಯ ಮೊದಲು ಮತ್ತು ನಂತರ ಅಳೆದರೆ ಸಾಕಲ್ಲವೇ? ಹೋಲಿಕೆಯ ಗುಂಪು ಏಕೆ ಬೇಕು?

ಯೋಜನೆ ಬಂದರೂ ಬರದಿದ್ದರೂ ಜನರ ಬದುಕು ಬದಲಾಗುತ್ತಲೇ ಇರುತ್ತದೆ. ಮಳೆ ಚೆನ್ನಾಗಿ ಬಂದಿರಬಹುದು, ರಸ್ತೆ ಆಗಿರಬಹುದು, ಧಾನ್ಯದ ಬೆಲೆ ಇಳಿದಿರಬಹುದು. ಸಣ್ಣ ಸಾಲದ ಯೋಜನೆಗಳು ಬಡತನವನ್ನು ಅಳಿಸಿಹಾಕುತ್ತವೆ ಎಂಬ ಭರವಸೆ ಬಹಳ ವರ್ಷ ಜಗತ್ತಿನೆಲ್ಲೆಡೆ ಇತ್ತು. ಸಾಲ ಪಡೆದವರ ಯಶಸ್ಸಿನ ಕಥೆಗಳಿಗೂ ಕೊರತೆ ಇರಲಿಲ್ಲ. ಆದರೆ ಸಾಲ ಪಡೆಯಲು ಮುಂದೆ ಬರುವವರು ಮೊದಲೇ ಹೆಚ್ಚು ಉತ್ಸಾಹಿಗಳೂ ಅನುಕೂಲವುಳ್ಳವರೂ ಆಗಿರಬಹುದು ಎಂಬ ಸಂದೇಹವನ್ನು ಆ ಕಥೆಗಳು ಪರಿಹರಿಸುತ್ತಿರಲಿಲ್ಲ. ಬೋಸ್ನಿಯಾ, ಇಥಿಯೋಪಿಯಾ, ಭಾರತ, ಮೆಕ್ಸಿಕೊ, ಮಂಗೋಲಿಯಾ ಮತ್ತು ಮೊರಾಕ್ಕೊಗಳಲ್ಲಿ ಸಾಲದ ಸೌಲಭ್ಯ ಇರುವ ಮತ್ತು ಇಲ್ಲದ ಗುಂಪುಗಳನ್ನು ಹೋಲಿಸಿದ ಆರು ಅಧ್ಯಯನಗಳು 2015ರಲ್ಲಿ ಒಟ್ಟಿಗೆ ಪ್ರಕಟವಾದಾಗ, ಕೆಲವರಿಗೆ ಸ್ವಲ್ಪ ಅನುಕೂಲವಾಗಿರುವುದು ಕಂಡಿತೇ ಹೊರತು ಸರಾಸರಿಯಲ್ಲಿ ಬದುಕೇ ಬದಲಾಗುವಂಥ ಪರಿಣಾಮ ಎಲ್ಲಿಯೂ ಕಾಣಲಿಲ್ಲ. ಸಾಲ ನಿರುಪಯೋಗಿ ಎಂದು ಇದರ ಅರ್ಥವಲ್ಲ. ಅದರಿಂದ ಏನನ್ನು ನಿರೀಕ್ಷಿಸಬಹುದು, ಏನನ್ನು ನಿರೀಕ್ಷಿಸಬಾರದು ಎಂಬುದು ಈಗ ಗೊತ್ತಿದೆ.

ಹಾಗಾದರೆ ಚೀಟಿ ಎತ್ತಿ ಗುಂಪು ಮಾಡುವ ಯಾದೃಚ್ಛಿಕ ಪ್ರಯೋಗವೇ ಎಲ್ಲಕ್ಕಿಂತ ಉತ್ತಮ ವಿಧಾನವೇ?

“ಈ ಕ್ರಮದಿಂದಲೇ ಈ ಬದಲಾವಣೆ ಬಂತೇ?” ಎಂಬ ಒಂದು ಪ್ರಶ್ನೆಗೆ ಅದು ಬಹಳ ಬಲವಾದ ವಿಧಾನ. 2019ರ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಮೈಕೆಲ್ ಕ್ರೆಮರ್ ಅವರಿಗೆ ಸಂದದ್ದು ಬಡತನದ ಅಧ್ಯಯನದಲ್ಲಿ ಈ ಪ್ರಯೋಗಮಾರ್ಗವನ್ನು ಬೆಳೆಸಿದ್ದಕ್ಕಾಗಿ. ಆದರೆ ರಾಷ್ಟ್ರೀಯ ಹೆದ್ದಾರಿಯನ್ನೋ ವ್ಯಾಪಾರ ನೀತಿಯನ್ನೋ ಚೀಟಿ ಎತ್ತಿ ಹಂಚಲಾಗದು. ಇಂಡೋನೇಷ್ಯಾ ಸರ್ಕಾರ 1970ರ ದಶಕದಲ್ಲಿ ತೈಲದ ಆದಾಯದಿಂದ 61,000ಕ್ಕೂ ಹೆಚ್ಚು ಪ್ರಾಥಮಿಕ ಶಾಲೆಗಳನ್ನು ಕಟ್ಟಿಸಿತು. ಕೆಲವು ಜಿಲ್ಲೆಗಳಿಗೆ ಹೆಚ್ಚು, ಕೆಲವಕ್ಕೆ ಕಡಿಮೆ ಶಾಲೆಗಳು ಬಂದಿದ್ದವು. ಆ ವ್ಯತ್ಯಾಸವನ್ನು ಮಕ್ಕಳ ಹುಟ್ಟಿದ ವರ್ಷದೊಂದಿಗೆ ಸೇರಿಸಿ ನೋಡಿದ ಡುಫ್ಲೊ ಅವರ 2001ರ ಅಧ್ಯಯನ, ಓದಿನ ವರ್ಷಗಳೂ ಮುಂದೆ ಕೂಲಿಯೂ ಹೆಚ್ಚಿದ್ದನ್ನು ತೋರಿಸಿತು. ಅದರಲ್ಲಿ ಯಾವ ಪ್ರಯೋಗವೂ ಇರಲಿಲ್ಲ.

ಕೆಲವೊಮ್ಮೆ ಇನ್ನೂ ಸರಳವಾದದ್ದೇ ಸಾಕಾಗುತ್ತದೆ. 1990ರ ದಶಕದಲ್ಲಿ ಉಗಾಂಡಾದಲ್ಲಿ ಶಾಲೆಗಳಿಗೆಂದು ಬಿಡುಗಡೆಯಾದ ತಲಾವಾರು ಅನುದಾನದ ಜಾಡು ಹಿಡಿದು ಶಾಲೆಯ ಲೆಕ್ಕಪುಸ್ತಕದವರೆಗೆ ಹೋದ ಸಮೀಕ್ಷೆಯೊಂದು, 1991ರಿಂದ 1995ರ ಅವಧಿಯಲ್ಲಿ ಸರಾಸರಿ ನೂರಕ್ಕೆ 13ರಷ್ಟು ಹಣ ಮಾತ್ರ ಶಾಲೆ ಮುಟ್ಟಿದ್ದನ್ನು ಕಂಡಿತು. ಸರ್ಕಾರ ಅನುದಾನದ ವಿವರಗಳನ್ನು ಪತ್ರಿಕೆಗಳಲ್ಲಿ ಪ್ರಕಟಿಸತೊಡಗಿತು, ಶಾಲೆಗಳ ಗೋಡೆಯ ಮೇಲೂ ಹಾಕಿಸಿತು. 2001ರ ಹೊತ್ತಿಗೆ ಆ ಪ್ರಮಾಣ ನೂರಕ್ಕೆ 80 ದಾಟಿತು. ಏರಿಕೆಯ ಎಷ್ಟು ಭಾಗ ಪತ್ರಿಕಾ ಪ್ರಕಟಣೆಯಿಂದ, ಎಷ್ಟು ಭಾಗ ಅದೇ ಕಾಲದ ಇತರ ಸುಧಾರಣೆಗಳಿಂದ ಎಂಬ ಚರ್ಚೆ ನಂತರ ನಡೆದಿದೆ. ಆದರೆ ಹಣ ಎಲ್ಲಿ ನಿಲ್ಲುತ್ತಿದೆ ಎಂದು ಮೊದಲು ತೋರಿಸಿಕೊಟ್ಟದ್ದು ಒಂದು ಲೆಕ್ಕದ ತಾಳೆ.

ಕೆಲವರಿಗೆ ಸೌಲಭ್ಯ ಕೊಟ್ಟು ಕೆಲವರಿಗೆ ಕೊಡದೆ ಅಳೆಯುವುದು ಅನ್ಯಾಯವಲ್ಲವೇ?

ಇದು ಕೇಳಲೇಬೇಕಾದ ಪ್ರಶ್ನೆ. ಪರಿಣಾಮಕಾರಿ ಎಂದು ಆಗಲೇ ಸಾಬೀತಾದ ಚಿಕಿತ್ಸೆಯನ್ನು, ಎಲ್ಲರಿಗೂ ಕೊಡುವಷ್ಟು ಹಣವಿದ್ದೂ, ಹೋಲಿಕೆಗಾಗಿ ತಡೆಹಿಡಿಯುವುದು ತಪ್ಪು. ಅದಕ್ಕೆ ಸಮರ್ಥನೆ ಇಲ್ಲ. ಆದರೆ ಹೆಚ್ಚಿನ ಯೋಜನೆಗಳಲ್ಲಿ ಮೊದಲ ವರ್ಷ ಎಲ್ಲರನ್ನೂ ತಲುಪುವಷ್ಟು ಹಣ ಇರುವುದೇ ಇಲ್ಲ. ಯಾರಿಗೆ ಮೊದಲು ಎಂಬುದನ್ನು ಪ್ರಭಾವ ನಿರ್ಧರಿಸುವುದಕ್ಕಿಂತ ಚೀಟಿ ನಿರ್ಧರಿಸುವುದು ನ್ಯಾಯಕ್ಕೆ ಹತ್ತಿರ. ಮೆಕ್ಸಿಕೊ 1997ರಲ್ಲಿ ಪ್ರೊಗ್ರೆಸಾ ಯೋಜನೆಯಡಿ ಮಕ್ಕಳ ಶಾಲಾ ಹಾಜರಿ ಮತ್ತು ಆರೋಗ್ಯ ತಪಾಸಣೆಯ ಷರತ್ತಿನ ಮೇಲೆ ತಾಯಂದಿರಿಗೆ ನಗದು ಕೊಡಲು ಆರಂಭಿಸಿದಾಗ ಮಾಡಿದ್ದೂ ಇದನ್ನೇ. ಅಧ್ಯಯನಕ್ಕೆ ಆಯ್ದ 506 ಹಳ್ಳಿಗಳಲ್ಲಿ 320ಕ್ಕೆ ಮೊದಲು, ಉಳಿದ 186ಕ್ಕೆ ನಂತರ ಯೋಜನೆ ಬಂತು. ಇದರ ಜೊತೆಗೆ ಭಾಗವಹಿಸುವವರ ತಿಳುವಳಿಕೆಯ ಒಪ್ಪಿಗೆ, ನೈತಿಕ ಸಮಿತಿಯ ಪರಿಶೀಲನೆ, ಮಾಹಿತಿಯ ಗೋಪ್ಯತೆ ಇರಲೇಬೇಕು. ಗಂಟೆಗಟ್ಟಲೆ ಕುಳಿತು ಪ್ರಶ್ನೆಗಳಿಗೆ ಉತ್ತರಿಸಿದ ಕುಟುಂಬಗಳಿಗೆ ಫಲಿತಾಂಶವನ್ನು ಅವರ ಭಾಷೆಯಲ್ಲಿ ಹೋಗಿ ಹೇಳುವ ಕೆಲಸವನ್ನೂ ನಾನು ಇದೇ ಸಾಲಿಗೆ ಸೇರಿಸುತ್ತೇನೆ. ಅದು ಇಂದಿಗೂ ಅಪರೂಪ.

ಒಂದು ಒಳ್ಳೆಯ ಅಧ್ಯಯನ ಸಿಕ್ಕರೆ ಅದರ ಮೇಲೆ ನಿರ್ಧಾರ ಮಾಡಬಹುದೇ?

ಸಾಧ್ಯವಾದಷ್ಟು ಮಾಡಬಾರದು. ಗಮನ ಸೆಳೆಯುವ ಫಲಿತಾಂಶ ಬೇಗ ಪ್ರಕಟವಾಗುತ್ತದೆ, ‘ಪರಿಣಾಮ ಕಾಣಲಿಲ್ಲ’ ಎಂಬ ಫಲಿತಾಂಶ ಕಪಾಟಿನಲ್ಲಿ ಉಳಿಯುತ್ತದೆ. ಹೀಗಾಗಿ ಕೈಗೆ ಸಿಕ್ಕ ಮೊದಲ ಅಧ್ಯಯನ ಇಡೀ ಚಿತ್ರವನ್ನು ತೋರಿಸುವ ಸಾಧ್ಯತೆ ಕಡಿಮೆ. ಒಂದು ಪ್ರಶ್ನೆಯ ಮೇಲಿನ ಎಲ್ಲ ಅಧ್ಯಯನಗಳನ್ನು ಮೊದಲೇ ಪ್ರಕಟಿಸಿದ ನಿಯಮದಂತೆ ಹುಡುಕಿ, ಗುಣಮಟ್ಟ ತೂಗಿ, ಒಟ್ಟುಗೂಡಿಸುವ ವ್ಯವಸ್ಥಿತ ವಿಮರ್ಶೆಗಳು ಇದಕ್ಕಾಗಿಯೇ ಇವೆ. ಆರೋಗ್ಯದಲ್ಲಿ 1993ರಿಂದ ಕಾಕ್ರೇನ್, ಸಾಮಾಜಿಕ ಕಾರ್ಯಕ್ರಮಗಳಲ್ಲಿ 2000ದಿಂದ ಕ್ಯಾಂಪ್‌ಬೆಲ್, ಅಭಿವೃದ್ಧಿ ಕ್ಷೇತ್ರದಲ್ಲಿ 2008ರಿಂದ ಟ್ರಿಪಲ್ ಐ ಇ (3ie) ಎಂಬ ಸಂಸ್ಥೆಗಳು ಈ ಕೆಲಸ ಮಾಡುತ್ತ ಬಂದಿವೆ. ಹೊಸ ಯೋಜನೆಯ ಪ್ರಸ್ತಾವ ಬರೆಯುವ ಮೊದಲು ಒಂದು ದಿನವನ್ನು ಈ ಸಂಗ್ರಹಗಳಲ್ಲಿ ಹುಡುಕಲು ಮೀಸಲಿಟ್ಟರೆ ಸಾಕಷ್ಟು ವ್ಯರ್ಥ ಖರ್ಚು ತಪ್ಪುತ್ತದೆ.

ವಿದ್ವಾಂಸರೇ ಒಬ್ಬರಿಗೊಬ್ಬರು ಒಪ್ಪದಿದ್ದಾಗ ಅಧಿಕಾರಿ ಏನು ಮಾಡಬೇಕು?

ಮಕ್ಕಳ ಜಂತುಹುಳು ನಿವಾರಣೆಯ ವಿವಾದ ಇದಕ್ಕೆ ಒಳ್ಳೆಯ ಪಾಠ. ಕೀನ್ಯಾದ ಬುಸಿಯಾದ 75 ಶಾಲೆಗಳಲ್ಲಿ 1998ರಲ್ಲಿ ಆರಂಭವಾದ ಅಧ್ಯಯನ, ಸಾಮೂಹಿಕವಾಗಿ ಮಾತ್ರೆ ಕೊಟ್ಟದ್ದರಿಂದ ಶಾಲೆಗೆ ಗೈರುಹಾಜರಿ ಕಡಿಮೆಯಾದದ್ದನ್ನು 2004ರಲ್ಲಿ ವರದಿ ಮಾಡಿತು. 2015ರಲ್ಲಿ ಬೇರೆ ಸಂಶೋಧಕರು ಅದೇ ಅಂಕಿಅಂಶಗಳನ್ನು ಮತ್ತೆ ಲೆಕ್ಕಹಾಕಿ ಕೆಲವು ತಪ್ಪುಗಳನ್ನು ಎತ್ತಿ ತೋರಿಸಿದರು. ಕಾಕ್ರೇನ್ ವಿಮರ್ಶೆ ಸರಾಸರಿ ಲಾಭ ಅತ್ಯಲ್ಪ ಎಂದಿತು. ಅದೇ ಮಕ್ಕಳನ್ನು 20 ವರ್ಷ ಹಿಂಬಾಲಿಸಿದ ಅಧ್ಯಯನ, ದೊಡ್ಡವರಾದ ಮೇಲೆ ಅವರ ಗಳಿಕೆ ಹೆಚ್ಚಿದ್ದನ್ನು ಕಂಡಿತು.

ಇಂಥ ಕಡೆ “ಯಾರು ಸರಿ?” ಎಂದು ತೀರ್ಪಿಗಾಗಿ ಕಾಯುವುದಕ್ಕಿಂತ, ತಪ್ಪಿದರೆ ಆಗುವ ನಷ್ಟವೆಷ್ಟು ಎಂದು ಕೇಳುವುದು ಮೇಲು. ಮಾತ್ರೆ ಅಗ್ಗ, ಅಪಾಯ ಕಡಿಮೆ, ಹುಳುವಿನ ಬಾಧೆ ಹೆಚ್ಚಿರುವ ಪ್ರದೇಶದಲ್ಲಿ ಲಾಭದ ಸಾಧ್ಯತೆ ದೊಡ್ಡದು. ಹಾಗಾಗಿ ಅಂಥ ಪ್ರದೇಶಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಶಿಫಾರಸು ಮಾಡುತ್ತಲೇ ಇದೆ. ಬಾಧೆ ಕಡಿಮೆ ಇರುವಲ್ಲಿ ಅದೇ ತರ್ಕ ನಿಲ್ಲುವುದಿಲ್ಲ. ಖರ್ಚು ಹೆಚ್ಚಿದ್ದು, ಒಮ್ಮೆ ಆರಂಭಿಸಿದರೆ ನಿಲ್ಲಿಸಲಾಗದ ಯೋಜನೆಯಾಗಿದ್ದರೆ, ಇಷ್ಟೇ ಅನಿಶ್ಚಿತತೆ ‘ಬೇಡ’ ಎನ್ನಲು ಸಾಕಷ್ಟು ಕಾರಣ.

ಒಂದು ದೇಶದಲ್ಲಿ ಫಲಿಸಿದ್ದು ಇನ್ನೊಂದು ದೇಶದಲ್ಲಿ ಫಲಿಸುತ್ತದೆಯೇ?

ಈ ಪ್ರಶ್ನೆಯನ್ನು ಹೀಗೆ ಕೇಳಿದರೆ ಉತ್ತರ ಸಿಗುವುದಿಲ್ಲ. ಅಲ್ಲಿ ಅದು ಯಾವ ಯಾವ ಕೊಂಡಿಗಳ ಮೂಲಕ ಫಲಿಸಿತು, ಆ ಕೊಂಡಿಗಳು ಇಲ್ಲಿ ಇವೆಯೇ ಎಂದು ಕೇಳಬೇಕು.

ತಮಿಳುನಾಡಿನಲ್ಲಿ 1980ರಲ್ಲಿ ಆರಂಭವಾದ ಸಮಗ್ರ ಪೌಷ್ಟಿಕಾಂಶ ಯೋಜನೆಯಲ್ಲಿ ಮಕ್ಕಳ ತೂಕ ನೋಡುವುದು, ಕೊರತೆಯಿರುವ ಮಕ್ಕಳಿಗೆ ಪೂರಕ ಆಹಾರ ಕೊಡುವುದು, ತಾಯಂದಿರಿಗೆ ತಿಳುವಳಿಕೆ ನೀಡುವುದು ಸೇರಿದ್ದವು. ಅಪೌಷ್ಟಿಕತೆ ಇಳಿಯಿತು. ಅದೇ ಮಾದರಿಯನ್ನು 1990ರ ದಶಕದಲ್ಲಿ ಬಾಂಗ್ಲಾದೇಶಕ್ಕೆ ಒಯ್ದಾಗ ನಿರೀಕ್ಷಿಸಿದ ಫಲ ಬರಲಿಲ್ಲ. ಮೌಲ್ಯಮಾಪಕರು ಕಾರಣ ಹುಡುಕುತ್ತ ಮನೆಯೊಳಗೆ ಬಂದಾಗ ಕಂಡದ್ದು ಇದು: ಗ್ರಾಮೀಣ ಬಾಂಗ್ಲಾದೇಶದ ಅನೇಕ ಮನೆಗಳಲ್ಲಿ ಸಂತೆಗೆ ಹೋಗಿ ಸಾಮಾನು ತರುವವನು ಗಂಡ, ಒಟ್ಟು ಕುಟುಂಬದಲ್ಲಿ ಯಾರ ತಟ್ಟೆಗೆ ಎಷ್ಟು ಎಂದು ನಿರ್ಧರಿಸುವವಳು ಅತ್ತೆ. ತರಬೇತಿ ಪಡೆದ ಸೊಸೆಗೆ ಎಲ್ಲವೂ ಗೊತ್ತಿತ್ತು, ಆದರೆ ಅವಳ ಕೈಯಲ್ಲಿ ಏನೂ ಇರಲಿಲ್ಲ. ಹೊರಗಿನಿಂದ ಬಂದ ಪೂರಕ ಆಹಾರವೂ ಕೆಲವು ಮನೆಗಳಲ್ಲಿ ಮಗುವಿನ ಊಟದ ಜೊತೆಗೆ ಸೇರುವ ಬದಲು ಆ ಊಟದ ಜಾಗವನ್ನೇ ತುಂಬುತ್ತಿತ್ತು. ‘ತಾಯಿಗೆ ತಿಳಿಸಿದರೆ ಮಗುವಿಗೆ ಸಿಗುತ್ತದೆ’ ಎಂಬ ಕೊಂಡಿ ಒಂದು ಕಡೆ ಇತ್ತು, ಇನ್ನೊಂದು ಕಡೆ ಇರಲಿಲ್ಲ.

ಹೀಗಾಗಿ ಯಾವುದೇ ಮಾದರಿಯನ್ನು ತರುವ ಮೊದಲು ಹಣದಿಂದ ಹಿಡಿದು ಅಂತಿಮ ಫಲದವರೆಗಿನ ಪ್ರತಿ ಹೆಜ್ಜೆಯನ್ನೂ ಒಂದು ಹಾಳೆಯ ಮೇಲೆ ಬರೆದು, ಪ್ರತಿ ಹೆಜ್ಜೆಯ ಮುಂದೆ “ಇದು ಇಲ್ಲಿಯೂ ನಿಜ ಎಂದು ನಮಗೆ ಹೇಗೆ ಗೊತ್ತು?” ಎಂದು ಬರೆಯಿರಿ. ಆ ಪ್ರಶ್ನೆಗೆ ಉತ್ತರಿಸಲು ಸಾಮಾನ್ಯವಾಗಿ ದೊಡ್ಡ ಪ್ರಯೋಗ ಬೇಕಾಗುವುದಿಲ್ಲ. ಸ್ಥಳೀಯ ಸಮೀಕ್ಷೆ, ಇಲಾಖೆಯ ದಾಖಲೆ ಮತ್ತು ಆ ಊರಿನ ಹೆಂಗಸರೊಡನೆ ನಾಲ್ಕು ದಿನದ ಮಾತುಕತೆ ಸಾಕಾಗಬಹುದು.

ಸಣ್ಣ ಪ್ರಮಾಣದಲ್ಲಿ ಗೆದ್ದ ಯೋಜನೆ ಸರ್ಕಾರದ ಕೈಗೆ ಹೋದಾಗ ಏಕೆ ಸೋಲುತ್ತದೆ?

ಯಾರು ನಡೆಸುತ್ತಾರೆ ಎಂಬುದೂ ಯೋಜನೆಯ ಒಂದು ಭಾಗವೇ ಆಗಿರುವುದರಿಂದ. ಕೀನ್ಯಾದಲ್ಲಿ ಗುತ್ತಿಗೆ ಶಿಕ್ಷಕರ ನೇಮಕದಿಂದ ಮಕ್ಕಳ ಕಲಿಕೆ ಸುಧಾರಿಸಿದ್ದು ಮೊದಲು ಒಂದು ಪ್ರದೇಶದಲ್ಲಿ ಕಂಡುಬಂದಿತ್ತು. ಅದನ್ನು ದೇಶವ್ಯಾಪಿ ಮಾಡುವಾಗ ಕೆಲವು ಶಾಲೆಗಳಲ್ಲಿ ಸ್ವಯಂಸೇವಾ ಸಂಸ್ಥೆ, ಕೆಲವು ಶಾಲೆಗಳಲ್ಲಿ ಸರ್ಕಾರ ನಡೆಸುವಂತೆ ಚೀಟಿ ಎತ್ತಿ ಹಂಚಿ ಹೋಲಿಸಲಾಯಿತು. ಸಂಸ್ಥೆ ನಡೆಸಿದ ಕಡೆ ಅಂಕಗಳು ಏರಿದವು, ಸರ್ಕಾರ ನಡೆಸಿದ ಕಡೆ ಏನೂ ಬದಲಾಗಲಿಲ್ಲ. ಸಂಬಳದ ವಿಳಂಬ, ಮೇಲ್ವಿಚಾರಣೆಯ ಕೊರತೆ ಮತ್ತು ಶಿಕ್ಷಕರ ಸಂಘದ ವಿರೋಧ ಎಲ್ಲವೂ ಅದರಲ್ಲಿದ್ದವು.

ಇದರಿಂದ ‘ಸರ್ಕಾರದಿಂದ ಆಗುವುದಿಲ್ಲ’ ಎಂಬ ತೀರ್ಮಾನಕ್ಕೆ ಬರುವವರಿದ್ದಾರೆ. ಅದು ಅವಸರದ ತೀರ್ಮಾನ ಎಂಬುದು ನನ್ನ ದೃಢವಾದ ಅಭಿಪ್ರಾಯ, ಏಕೆಂದರೆ ಭಾರತದಲ್ಲಿ ಮಕ್ಕಳ ಕಲಿಕೆಗಾಗಿ ದುಡಿಯುವ ಪ್ರಥಮ್ ಸಂಸ್ಥೆಯ ಅನುಭವ ಬೇರೆಯದನ್ನು ಹೇಳುತ್ತದೆ. ಅವರ ವಿಧಾನದಲ್ಲಿ ಮಗುವಿನ ಮುಂದೆ ಒಂದು ಹಾಳೆ ಇಡಲಾಗುತ್ತದೆ. ಅದರಲ್ಲಿ ಕೆಲವು ಅಕ್ಷರಗಳು, ಕೆಲವು ಪದಗಳು, ಸರಳವಾದ ಒಂದು ಪರಿಚ್ಛೇದ, ಒಂದು ಪುಟ್ಟ ಕಥೆ ಇರುತ್ತವೆ. ಮಗು ಎಲ್ಲಿಯವರೆಗೆ ತಡವರಿಸದೆ ಓದುತ್ತದೆಯೋ ಅದೇ ಅದರ ಮಟ್ಟ. ಐದನೆಯ ತರಗತಿಯ ಮಗು ಅಕ್ಷರದಲ್ಲೇ ನಿಂತರೆ ಅದು ಅಕ್ಷರದ ಗುಂಪಿನಲ್ಲಿ ಕುಳಿತು ಕಲಿಯುತ್ತದೆ. ಸ್ವಯಂಸೇವಕರು ನಡೆಸಿದಾಗ ಇದು ಚೆನ್ನಾಗಿ ಫಲಿಸಿತು. ಬಿಹಾರ ಮತ್ತು ಉತ್ತರಾಖಂಡಗಳಲ್ಲಿ ಸರ್ಕಾರಿ ಶಿಕ್ಷಕರಿಗೆ ತರಬೇತಿ ಮತ್ತು ಸಾಮಗ್ರಿ ಕೊಟ್ಟಾಗ ಶಾಲಾ ಅವಧಿಯಲ್ಲಿ ಹೆಚ್ಚೇನೂ ಆಗಲಿಲ್ಲ. ಶಿಕ್ಷಕರಿಗೆ ವಿಧಾನ ಗೊತ್ತಿತ್ತು, ಆದರೆ ಪಠ್ಯ ಮುಗಿಸುವ ಹೊಣೆ ಅವರ ತಲೆಯ ಮೇಲಿತ್ತು. ಸಂಶೋಧಕರು ಮತ್ತು ಸಂಸ್ಥೆ ಅಲ್ಲಿಗೆ ಕೈಬಿಡಲಿಲ್ಲ. ಹರಿಯಾಣದಲ್ಲಿ ದಿನಕ್ಕೆ ಒಂದು ಗಂಟೆಯನ್ನು ಇದಕ್ಕೆಂದೇ ಮೀಸಲಿಟ್ಟು, ಆ ಹೊತ್ತಿನಲ್ಲಿ ತರಗತಿ ಬಿಟ್ಟು ಮಟ್ಟಕ್ಕೆ ತಕ್ಕಂತೆ ಮಕ್ಕಳನ್ನು ಕೂರಿಸುವ ಆದೇಶ ಹೊರಡಿಸಿ, ಇಲಾಖೆಯ ಅಧಿಕಾರಿಗಳೇ ಶಾಲೆಗೆ ಹೋಗಿ ನೋಡುವಂತೆ ಮಾಡಿದಾಗ ಸರ್ಕಾರಿ ಶಿಕ್ಷಕರ ಕೈಯಲ್ಲೇ ಭಾಷಾ ಕಲಿಕೆ ಸುಧಾರಿಸಿತು. ಇದೇ ವಿಧಾನ ಇಂದು ಜಾಂಬಿಯಾ ಸೇರಿದಂತೆ ಆಫ್ರಿಕಾದ ಹಲವು ದೇಶಗಳಲ್ಲಿದೆ. ಸೋತ ಪ್ರಯತ್ನವನ್ನೂ ಗೆದ್ದದ್ದರಷ್ಟೇ ಎಚ್ಚರದಿಂದ ಅಳೆದಿದ್ದರಿಂದ ಎಲ್ಲಿ ತಿದ್ದಬೇಕೆಂದು ತಿಳಿಯಿತು.

ಅಧಿಕಾರಿಗಳೂ ರಾಜಕಾರಣಿಗಳೂ ಸಂಶೋಧನೆಯನ್ನು ಓದುವುದೇ ಇಲ್ಲ ಎನ್ನುತ್ತಾರೆ. ನಿಜವೇ?

ಅಷ್ಟು ನಿಜವಲ್ಲ. ಬ್ರೆಜಿಲ್‌ನ 2,150 ಪುರಸಭೆಗಳನ್ನು ಒಳಗೊಂಡು 2021ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನೇ ಪರೀಕ್ಷಿಸಿತು. ತೆರಿಗೆ ಕಟ್ಟಲು ನೆನಪಿಸುವ ಸರಳ ಪತ್ರ ಕಳಿಸಿದರೆ ವಸೂಲಿ ಸುಧಾರಿಸುತ್ತದೆ ಎಂಬ ಸಂಶೋಧನೆಯನ್ನು ಕೆಲವು ಮೇಯರ್‌ಗಳಿಗೂ ಅಧಿಕಾರಿಗಳಿಗೂ ಒಂದು ಸಣ್ಣ ಸಭೆಯಲ್ಲಿ ವಿವರಿಸಲಾಯಿತು. ಸಭೆಗೆ ಬಂದವರ ಪುರಸಭೆಗಳಲ್ಲಿ ಆ ಕ್ರಮ ಜಾರಿಯಾಗುವ ಸಾಧ್ಯತೆ ನೂರಕ್ಕೆ 10 ಅಂಶಗಳಷ್ಟು ಹೆಚ್ಚಿತು. ಅದೇ ಅಧ್ಯಯನದ ಇನ್ನೊಂದು ಭಾಗದಲ್ಲಿ, ಸಂಶೋಧನಾ ಫಲಿತಾಂಶ ತಿಳಿಯಲು ನಾಯಕರು ಬೆಲೆ ತೆರಲೂ ಸಿದ್ಧರಿದ್ದರು, ದೊಡ್ಡ ಮಾದರಿಯ ಅಧ್ಯಯನಗಳಿಗೆ ಹೆಚ್ಚು ಬೆಲೆ ಕೊಟ್ಟರು.

ಇಲ್ಲಿ ಗಮನಿಸಬೇಕಾದ ವಿಷಯ, ಆ ಕ್ರಮ ಅಗ್ಗವಾಗಿತ್ತು, ಮೇಯರ್ ತನ್ನ ಅಧಿಕಾರದಲ್ಲೇ ಮಾಡಬಹುದಾಗಿತ್ತು, ಯಾರ ಹಿತಕ್ಕೂ ದೊಡ್ಡ ಧಕ್ಕೆ ಇರಲಿಲ್ಲ. ಹಿತಾಸಕ್ತಿಗಳ ಘರ್ಷಣೆ ಇರುವಲ್ಲಿ ಪುರಾವೆ ಒಂದು ದನಿ ಮಾತ್ರ. ಮೆಕ್ಸಿಕೊದ ಪ್ರೊಗ್ರೆಸಾ 2000ದ ಚುನಾವಣೆಯಲ್ಲಿ ಸರ್ಕಾರವೇ ಬದಲಾದರೂ ಉಳಿದುಕೊಂಡದ್ದಕ್ಕೆ ಸ್ವತಂತ್ರ ಮೌಲ್ಯಮಾಪನದ ಫಲಿತಾಂಶ ದೊಡ್ಡ ಆಸರೆಯಾಯಿತು. ಆದರೆ ಎರಡು ಬಾರಿ ಹೆಸರು ಬದಲಿಸಿಕೊಂಡ ಅದೇ ಯೋಜನೆಯನ್ನು ಮುಂದೆ ಬಂದ ಇನ್ನೊಂದು ಸರ್ಕಾರ 2019ರಲ್ಲಿ ನಿಲ್ಲಿಸಿತು. ಪುರಾವೆ ನಿರ್ಧಾರವನ್ನು ಬಲಪಡಿಸುತ್ತದೆ, ಪ್ರಜಾಪ್ರಭುತ್ವದಲ್ಲಿ ಅದು ನಿರ್ಧಾರದ ಸ್ಥಾನವನ್ನು ತುಂಬಲಾರದು, ತುಂಬಲೂಬಾರದು.

ಫಲಿತಾಂಶವನ್ನು ಅಧಿಕಾರಿಗೆ ತಲುಪಿಸುವುದು ಹೇಗೆ?

ಎರಡು ಪುಟದ ಟಿಪ್ಪಣಿ, ಅವರ ಭಾಷೆಯಲ್ಲಿ, ಬಜೆಟ್ ತಯಾರಿಗೆ ಕೆಲವು ತಿಂಗಳು ಮೊದಲು. ಮೊದಲ ಸಾಲಿನಲ್ಲೇ ಏನು ಮಾಡಬೇಕು, ಎಷ್ಟು ಖರ್ಚು, ಯಾವ ಅಧಿಕಾರಿಯ ಸಹಿಯಿಂದ ಆಗುತ್ತದೆ ಎಂಬುದು ಇರಲಿ. ವಿಧಾನದ ವಿವರ ಕೊನೆಗೆ ಬರಲಿ. ಅನಿಶ್ಚಿತತೆಯನ್ನು ಮುಚ್ಚಿಡಬಾರದು. ಒಮ್ಮೆ ಉತ್ಪ್ರೇಕ್ಷೆ ಮಾಡಿ ಸಿಕ್ಕಿಬಿದ್ದವರ ಮುಂದಿನ ಟಿಪ್ಪಣಿಯನ್ನು ಯಾರೂ ತೆರೆಯುವುದಿಲ್ಲ. ಅದಕ್ಕಿಂತಲೂ ಒಳ್ಳೆಯದು, ಅಧ್ಯಯನದ ಪ್ರಶ್ನೆಯನ್ನೇ ಅಧಿಕಾರಿಗಳ ಜೊತೆ ಕುಳಿತು ರೂಪಿಸುವುದು. ಪೆರುವಿನ ಶಿಕ್ಷಣ ಸಚಿವಾಲಯ 2016ರಲ್ಲಿ ತನ್ನೊಳಗೇ ಒಂದು ಪ್ರಯೋಗ ಘಟಕವನ್ನು ಆರಂಭಿಸಿದ್ದರ ಹಿಂದೆ ಇದೇ ಯೋಚನೆ ಇತ್ತು.

ಖರ್ಚಿನ ಲೆಕ್ಕವನ್ನು ಪುರಾವೆಯಲ್ಲಿ ಸೇರಿಸಬೇಕೇ?

ಖಂಡಿತ. ಪರಿಣಾಮವಿದೆ ಎಂಬುದು ಅರ್ಧ ಉತ್ತರ. ಪೆರುವಿನ ಗ್ರಾಮೀಣ ಶಾಲೆಗಳಲ್ಲಿ ಮಕ್ಕಳಿಗೆ ಲ್ಯಾಪ್‌ಟಾಪ್ ಹಂಚಿದ ಯೋಜನೆಯನ್ನು 300ಕ್ಕೂ ಹೆಚ್ಚು ಶಾಲೆಗಳಲ್ಲಿ ಅಳೆದಾಗ ಗಣಿತ ಮತ್ತು ಭಾಷೆಯ ಅಂಕಗಳಲ್ಲಿ ಬದಲಾವಣೆ ಕಾಣಲಿಲ್ಲ. ಆ ಹಣದಲ್ಲಿ ಆಗಬಹುದಾಗಿದ್ದ ಬೇರೆ ಕೆಲಸಗಳೂ ಆಗಲಿಲ್ಲ, ನಿಜವಾದ ನಷ್ಟ ಅದು.

ಖರ್ಚಿನ ಬಗ್ಗೆ ನಮ್ಮ ಸಹಜ ತರ್ಕವೂ ತಪ್ಪಬಹುದು. ಸೊಳ್ಳೆ ಪರದೆಯನ್ನು ಉಚಿತವಾಗಿ ಕೊಟ್ಟರೆ ಜನ ಬೆಲೆ ಕೊಡುವುದಿಲ್ಲ, ಸ್ವಲ್ಪವಾದರೂ ಹಣ ತೆಗೆದುಕೊಳ್ಳಬೇಕು ಎಂಬ ವಾದ ಬಹಳ ಬಲವಾಗಿತ್ತು. ಕೀನ್ಯಾದ ಗರ್ಭಿಣಿಯರ ತಪಾಸಣಾ ಕೇಂದ್ರಗಳಲ್ಲಿ ಬೇರೆ ಬೇರೆ ಬೆಲೆಗೆ ಪರದೆ ಕೊಟ್ಟು ನೋಡಿದಾಗ, ಬೆಲೆ ಸೊನ್ನೆಯಿಂದ 0.60 ಡಾಲರ್‌ಗೆ ಏರಿದರೆ ಪಡೆಯುವವರ ಪ್ರಮಾಣ ನೂರಕ್ಕೆ 60 ಅಂಶಗಳಷ್ಟು ಕುಸಿಯಿತು. ಉಚಿತವಾಗಿ ಪಡೆದವರು ಕಡಿಮೆ ಬಳಸಿದರು ಎಂಬುದಕ್ಕೆ ಆಧಾರ ಸಿಗಲಿಲ್ಲ. ಮನೆಗೆ ಹೋಗಿ ಪರದೆ ಕಟ್ಟಿದೆಯೇ ಎಂದು ನೋಡಿದ ಮೇಲಷ್ಟೇ ಈ ಮಾತನ್ನು ಹೇಳಲಾಯಿತು. 2000ದಿಂದ 2015ರವರೆಗೆ ಆಫ್ರಿಕಾದಲ್ಲಿ ತಪ್ಪಿಸಲಾದ ಮಲೇರಿಯಾ ಪ್ರಕರಣಗಳಲ್ಲಿ ಸುಮಾರು ಮೂರನೆಯ ಎರಡು ಭಾಗ ಪರದೆಗಳಿಂದಲೇ ಎಂಬ ಅಂದಾಜಿದೆ.

ನಮ್ಮದು ಚಿಕ್ಕ ಸಂಸ್ಥೆ. ನಾವೂ ಪರಿಣಾಮ ಮೌಲ್ಯಮಾಪನ ಮಾಡಿಸಬೇಕೇ?

ಬಹುಪಾಲು ಸಂದರ್ಭಗಳಲ್ಲಿ ಬೇಡ. ಐದಾರು ಹಳ್ಳಿಗಳ ಹೋಲಿಕೆಯಿಂದ ವಿಶ್ವಾಸಾರ್ಹ ಉತ್ತರ ಬರುವುದಿಲ್ಲ. ಬರುವುದು ಗೊಂದಲ, ಅಥವಾ ಆಕಸ್ಮಿಕವನ್ನೇ ಯಶಸ್ಸೆಂದು ನಂಬುವ ಅಪಾಯ. ಬೇರೆಡೆ ಚೆನ್ನಾಗಿ ಸಾಬೀತಾದ ಕ್ರಮವನ್ನು ಆಯ್ದುಕೊಂಡು, ಅದನ್ನು ಸರಿಯಾಗಿ ಮಾಡುತ್ತಿದ್ದೇವೆಯೇ ಎಂಬುದರ ದಾಖಲೆ ಇಡಿ: ಕಾರ್ಯಕರ್ತೆ ಹೋದಳೇ, ಸಾಮಗ್ರಿ ತಲುಪಿತೇ, ಒಂದು ತಿಂಗಳ ನಂತರವೂ ಬಳಕೆಯಲ್ಲಿದೆಯೇ. ಮೂರನೆಯ ಪ್ರಶ್ನೆಯನ್ನು ಬಿಡಬೇಡಿ. ಒಡಿಶಾದಲ್ಲಿ ಸುಧಾರಿತ ಒಲೆಗಳನ್ನು ಹಂಚಿದಾಗ ಮೊದಲ ವರ್ಷ ಹೊಗೆಯ ಸೇವನೆ ಕಡಿಮೆಯಾಯಿತು, ಆಮೇಲೆ ಒಲೆಗಳು ಒಡೆದು, ದುರಸ್ತಿಯಿಲ್ಲದೆ, ಬಳಕೆ ಬಿಟ್ಟುಹೋಗಿ ಆ ಲಾಭ ಮಾಯವಾಯಿತು. ಒಂದೇ ವರ್ಷ ಅಳೆದು ಬಂದಿದ್ದರೆ ಅದು ಗೆದ್ದ ಯೋಜನೆಗಳ ಪಟ್ಟಿಯಲ್ಲಿ ಇರುತ್ತಿತ್ತು.

‘ಪರಿಣಾಮವಿಲ್ಲ’ ಎಂದು ಬಂದರೆ ದಾನಿಗಳು ಹಣ ನಿಲ್ಲಿಸುವುದಿಲ್ಲವೇ?

ಆ ಭಯ ನ್ಯಾಯವಾದದ್ದು, ಮತ್ತು ಅದನ್ನು ಹೋಗಲಾಡಿಸುವ ಹೊಣೆ ಮುಖ್ಯವಾಗಿ ದಾನಿಗಳದ್ದು. ಬಾಂಗ್ಲಾದೇಶದ ರಂಗಪುರ ಪ್ರದೇಶದಲ್ಲಿ ಸುಗ್ಗಿಗೆ ಮುಂಚಿನ ಹಸಿವಿನ ತಿಂಗಳುಗಳಲ್ಲಿ ದುಡಿಮೆಗಾಗಿ ಬೇರೆ ಊರಿಗೆ ಹೋಗಲು 600 ಟಾಕಾದಷ್ಟು ಪ್ರಯಾಣದ ಹಣ ಕೊಟ್ಟ 2008ರ ಪ್ರಯೋಗ ಬಹಳ ಆಶಾದಾಯಕವಾಗಿತ್ತು. ಹೆಚ್ಚು ಜನ ಹೋದರು, ಮನೆಯಲ್ಲಿ ಊಟ ಹೆಚ್ಚಿತು. ಎವಿಡೆನ್ಸ್ ಆ್ಯಕ್ಷನ್ ಎಂಬ ಸಂಸ್ಥೆ ಅದನ್ನು ದೊಡ್ಡದಾಗಿ ನಡೆಸಿ 2017ರಲ್ಲಿ ಮತ್ತೆ ಅಳೆದಾಗ ವಲಸೆಯೂ ಹೆಚ್ಚಿರಲಿಲ್ಲ, ಆದಾಯವೂ ಹೆಚ್ಚಿರಲಿಲ್ಲ. ಸಂಸ್ಥೆ ಅದನ್ನು ಬಹಿರಂಗವಾಗಿ ಹೇಳಿ, 2019ರಲ್ಲಿ ಕಾರ್ಯಕ್ರಮವನ್ನು ನಿಲ್ಲಿಸಿತು. ತನ್ನದೇ ಯೋಜನೆಯ ಬಗ್ಗೆ ಹೀಗೆ ಹೇಳಲು ಬೇಕಾದ ಧೈರ್ಯವನ್ನು ನಾನು ಮನಸಾರೆ ಗೌರವಿಸುತ್ತೇನೆ. ದಾನಿಗಳು ಗೆಲುವಿನ ವರದಿಗೆ ಕೊಡುವ ಮನ್ನಣೆಯನ್ನು ಇಂಥ ಪ್ರಾಮಾಣಿಕತೆಗೂ ಕೊಟ್ಟರೆ ಉಳಿದವರೂ ಬಾಯಿ ಬಿಡುತ್ತಾರೆ.

ಪ್ರಶ್ನೆಗಳನ್ನು ಯಾರು ಕೇಳುತ್ತಿದ್ದಾರೆ ಎಂಬುದೂ ಮುಖ್ಯವಲ್ಲವೇ?

ಬಹಳ ಮುಖ್ಯ. ಬಡ ದೇಶಗಳ ಬಗ್ಗೆ ನಡೆಯುವ ಸಂಶೋಧನೆಯ ಪ್ರಶ್ನೆಯನ್ನು ಸಿರಿವಂತ ದೇಶಗಳ ವಿಶ್ವವಿದ್ಯಾಲಯಗಳು ರೂಪಿಸಿ, ಮಾಹಿತಿ ಕಲೆಹಾಕುವ ಕೆಲಸವನ್ನಷ್ಟೇ ಸ್ಥಳೀಯರಿಗೆ ಬಿಡುವುದು ಸಾಮಾನ್ಯವಾಗಿದೆ. ಇದರಿಂದ ಗೌರವದ ಕೊರತೆಯಷ್ಟೇ ಅಲ್ಲ, ಜ್ಞಾನದ ಕೊರತೆಯೂ ಆಗುತ್ತದೆ. ಬಾಂಗ್ಲಾದೇಶದ ಮನೆಗಳಲ್ಲಿ ಅತ್ತೆಯ ಅಧಿಕಾರ ಎಷ್ಟೆಂದು ಆ ಸಮಾಜದವರಿಗೆ ಪ್ರಶ್ನಾವಳಿ ಬರೆಯುವ ಮೊದಲೇ ಗೊತ್ತಿರುತ್ತದೆ.

ನೆರವಿನ ಹಣವೇ ಕಡಿತವಾಗುತ್ತಿರುವಾಗ ಸಂಶೋಧನೆಗೆ ಖರ್ಚು ಮಾಡುವುದು ಸರಿಯೇ?

ಹಣ ಕಡಿಮೆಯಾದಷ್ಟೂ ಎಲ್ಲಿ ಹಾಕಬೇಕೆಂಬ ತಿಳುವಳಿಕೆಯ ಬೆಲೆ ಏರುತ್ತದೆ. 1984ರಿಂದ 90ಕ್ಕೂ ಹೆಚ್ಚು ದೇಶಗಳಲ್ಲಿ ತಾಯಿ-ಮಕ್ಕಳ ಆರೋಗ್ಯ, ಜನನ, ಮರಣ, ಪೌಷ್ಟಿಕತೆಯ ಅಂಕಿಅಂಶ ಒದಗಿಸುತ್ತಿದ್ದ ಜನಸಂಖ್ಯೆ ಮತ್ತು ಆರೋಗ್ಯ ಸಮೀಕ್ಷೆಗಳ ಕಾರ್ಯಕ್ರಮ, 2025ರ ಆರಂಭದಲ್ಲಿ ಅಮೆರಿಕದ ನೆರವು ನಿಂತಾಗ ತಟ್ಟನೆ ಸ್ಥಗಿತಗೊಂಡಿತು. ಅನೇಕ ದೇಶಗಳಿಗೆ ಎಷ್ಟು ಮಕ್ಕಳು ಐದು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದಾರೆ ಎಂದು ತಿಳಿಸುತ್ತಿದ್ದ ಮುಖ್ಯ ಮೂಲವೇ ಅದು. ಹೊಸ ದುಬಾರಿ ಪ್ರಯೋಗಗಳನ್ನು ಮುಂದೂಡಬೇಕಾಗಿ ಬಂದರೆ ಮುಂದೂಡಬಹುದು. ಆಗಲೇ ಇರುವ ವಿಮರ್ಶೆಗಳನ್ನು ಓದಲು ಹೆಚ್ಚು ಹಣ ಬೇಕಿಲ್ಲ. ಆದರೆ ಜನನ ಮರಣಗಳ ನೋಂದಣಿ, ಮನೆಮನೆ ಸಮೀಕ್ಷೆ, ಶಾಲೆಯ ಕಲಿಕೆಯ ಅಳತೆ ಇವನ್ನು ಕಡಿತದ ಪಟ್ಟಿಯಲ್ಲಿ ಕೊನೆಗೆ ಇಡಬೇಕು, ಮತ್ತು ಅವುಗಳ ಖರ್ಚನ್ನು ಆಯಾ ದೇಶದ ಬಜೆಟ್ಟಿಗೇ ಹಂತಹಂತವಾಗಿ ತರಬೇಕು. ಒಂದು ಸುತ್ತಿನ ಸಮೀಕ್ಷೆ ತಪ್ಪಿದರೆ ಆ ವರ್ಷಗಳಲ್ಲಿ ಏನಾಯಿತು ಎಂಬುದನ್ನು ಮುಂದೆ ಎಷ್ಟು ಹಣ ಕೊಟ್ಟರೂ ಪೂರ್ಣವಾಗಿ ಮರಳಿ ಪಡೆಯಲಾಗದು.